ಪಂಡಿತ ಮಲ್ಲಿಕಾರ್ಜುನ ಮನ್ಸೂರ: ಬದುಕು, ಸಾಧನೆ ಮತ್ತು ಆಲಿಸಬೇಕಾದ ಧ್ವನಿಮುದ್ರಿಕೆಗಳು



ಮಠದ ಪ್ರಾಂಗಣದಲ್ಲಿ ಸಮಾರಂಭ ಆರಂಭವಾಗುವ ಮುನ್ನ ಧ್ವನಿವರ್ಧಕದಲ್ಲಿ ಪಂಡಿತ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವನ್ನು ಕೇಳಿಸುವುದು ರೂಢಿ. ಅತಿಥಿಗಳು ವೇದಿಕೆಯೇರಿದೊಡನೆ ಅದನ್ನು ನಡುವಿನಲ್ಲಿಯೇ ನಿಲ್ಲಿಸಿಬಿಡುವುದೂ ರೂಢಿ. ಹೀಗಾಗಿ ಆ ಕಂಠವನ್ನು ಬಲ್ಲವರು ನಮ್ಮಲ್ಲಿ ಬಹಳ ಮಂದಿ; ಪೂರ್ತಿಯಾಗಿ ಆಲಿಸಿದವರು ವಿರಳ. ಈ ಲೋಪದಲ್ಲಿ ಕಾರ್ಯದರ್ಶಿಗಳಾದ ನಮ್ಮ ಪಾಲೂ ಇದೆ. ಅದನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುವ ಉದ್ದೇಶದಿಂದ ಅವರ ಬದುಕನ್ನೂ, ಮನೆಯಲ್ಲಿ ಕುಳಿತು ಆಲಿಸಬೇಕಾದ ಅವರ ಧ್ವನಿಮುದ್ರಿಕೆಗಳನ್ನೂ ಇಲ್ಲಿ ಜೊತೆಯಾಗಿ ನಿವೇದಿಸುತ್ತಿದ್ದೇವೆ.

ಧಾರವಾಡಕ್ಕೆ ಸಮೀಪದ ಮನ್ಸೂರು ಗ್ರಾಮದಲ್ಲಿ 1910ರ ಡಿಸೆಂಬರ್ 31ರಂದು ಒಕ್ಕಲುತನದ ಲಿಂಗಾಯತ ಮನೆತನದಲ್ಲಿ ಅವರ ಜನನವಾಯಿತು. ತಂದೆ ಭೀಮರಾಯಪ್ಪನವರು, ತಾಯಿ ನೀಲಮ್ಮನವರು. ಅಣ್ಣ ಬಸವರಾಜರು ನಾಟಕದ ನಂಟುಳ್ಳವರಾಗಿದ್ದುದರಿಂದ ಬಾಲಕ ಮಲ್ಲಿಕಾರ್ಜುನನೂ ಎಳವೆಯಲ್ಲಿಯೇ ರಂಗಭೂಮಿಯನ್ನೇರಿದನು. ಶಾಲೆಯ ಓದು ಹಿಂದುಳಿಯಿತು, ಹಾಡು ಮುಂದಾಯಿತು. ಆ ಇಂಪಾದ ಕಂಠವನ್ನು ಗುರುತಿಸಿದ ಅಪ್ಪಯ್ಯಸ್ವಾಮಿಗಳು ಮೊದಲು ಕರ್ನಾಟಕ ಸಂಗೀತದ ಪಾಠ ಹೇಳಿದರು. ಅನಂತರ ಮೀರಜಿನ ನೀಲಕಂಠಬುವಾ ಆಲೂರಮಠರಲ್ಲಿ ಗ್ವಾಲಿಯರ್ ಘರಾಣೆಯ ಶಿಕ್ಷಣ ದೊರೆಯಿತು.

ಯೌವನದಲ್ಲಿಯೇ ಅವರಿಗೆ ಹೆಸರು ಬಂದಿತು. ಎಚ್‌ಎಂವಿ ಸಂಸ್ಥೆ ಅವರ ಗಾಯನವನ್ನು ಮುದ್ರಿಸಿತು. ನಮ್ಮ ಶಿಫಾರಸಿನಲ್ಲಿ ಮೊದಲ ಸ್ಥಾನ ಈ ಹಳೆಯ 78 ವೇಗದ ತಟ್ಟೆಗಳದು. ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ತುಸುವೇ ಹೆಚ್ಚು ಅವಕಾಶ. ಅಷ್ಟರಲ್ಲಿಯೇ ರಾಗದ ರೂಪ ಮೂಡಬೇಕು, ಚೀಜು ಮುಗಿಯಬೇಕು, ತಾನುಗಳೂ ಬರಬೇಕು. ಸೂಜಿಯ ಕರಕರ ಸದ್ದಿನ ಹಿಂದಿನಿಂದ ಕೇಳಿಬರುವ ಆ ಎಳೆಯ ದನಿ ಚುರುಕಾದುದು, ಮಧುರವಾದುದು. ನಾಟಕದಲ್ಲಿ ಪಳಗಿದ ಕಂಠವೆಂಬುದು ಅದರಲ್ಲಿ ತಿಳಿಯುತ್ತದೆ.

ಇನ್ನೊಬ್ಬರಾಗಿದ್ದರೆ ಈ ಕೀರ್ತಿಯಲ್ಲಿಯೇ ತೃಪ್ತರಾಗುತ್ತಿದ್ದರು. ಮನ್ಸೂರರು ಹಾಗಾಗಲಿಲ್ಲ. ಜಯಪುರ-ಅತ್ರೌಲಿ ಘರಾಣೆಯ ಹಿರಿಯರಾದ ಉಸ್ತಾದ್ ಅಲ್ಲಾದಿಯಾ ಖಾನರ ಪುತ್ರ ಮಂಜಿ ಖಾನರಲ್ಲಿ, ತಟ್ಟೆಗಳಲ್ಲಿ ಹಾಡಿ ಹೆಸರಾಗಿದ್ದ ಈ ಗಾಯಕರು ಮತ್ತೆ ಶಿಷ್ಯರಾಗಿ ಕುಳಿತರು. ಕಲಿತದ್ದನ್ನು ಬದಿಗಿರಿಸಿ ಹೊಸದಾಗಿ ಕಲಿಯುವುದು ಎಷ್ಟು ಕಠಿಣವೆಂಬುದನ್ನು ಬಲ್ಲವರೇ ಬಲ್ಲರು. ಆ ಗುರುಕೃಪೆಯೂ ಬಹುಕಾಲ ಉಳಿಯಲಿಲ್ಲ. 1937ರಲ್ಲಿ ಮಂಜಿ ಖಾನರು ಅಕಾಲದಲ್ಲಿ ತೀರಿಕೊಂಡರು. ಹಳೆಯ ಶೈಲಿಯನ್ನು ಬಿಟ್ಟಾಗಿತ್ತು, ಹೊಸದು ಪೂರ್ತಿಯಾಗಿ ಕೈಗೆ ಹತ್ತಿರಲಿಲ್ಲ. ಆ ಇಕ್ಕಟ್ಟಿನಲ್ಲಿ ಮಂಜಿ ಖಾನರ ತಮ್ಮ ಭೂರ್ಜಿ ಖಾನರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿ ಆ ವಿದ್ಯೆಯನ್ನು ತುಂಬಿಕೊಟ್ಟರು. ನಿತ್ಯ ಲಿಂಗಪೂಜೆಯನ್ನು ಬಿಡದ ಶರಣರೊಬ್ಬರು ಮುಸಲ್ಮಾನ ಗುರುಗಳ ಪಾದದಡಿ ಕುಳಿತು ಕಲಿತರು. ಆ ಗುರುಗಳು ತಮ್ಮ ಮನೆತನದ ಸ್ವತ್ತನ್ನು ಮುಚ್ಚುಮರೆಯಿಲ್ಲದೆ ಕೊಟ್ಟರು. ಇಂದಿನ ದಿನಗಳಲ್ಲಿ ಇದನ್ನು ಮತ್ತೆ ಮತ್ತೆ ನೆನೆಯಬೇಕಾಗಿದೆ.

ಆ ಸ್ವತ್ತು ಏನೆಂಬುದನ್ನು ಅವರ ಪ್ರೌಢ ವಯಸ್ಸಿನ ದೀರ್ಘ ಮುದ್ರಿಕೆಗಳು ತೋರಿಸುತ್ತವೆ. ಅಪರೂಪದ ರಾಗಗಳು, ಎರಡು ರಾಗಗಳು ಬೆರೆತ ಜೋಡುರಾಗಗಳು ಜಯಪುರ ಘರಾಣೆಯ ವೈಶಿಷ್ಟ್ಯ. ಇಲ್ಲಿ ಸ್ವರ ತಾಳದಿಂದ ಬೇರೆಯಾಗಿ ಅಲೆಯುವುದಿಲ್ಲ; ಪ್ರತಿಯೊಂದು ಆಲಾಪವೂ ಲಯದೊಡನೆ ಹೆಣೆದುಕೊಂಡು ಸಮಕ್ಕೆ ಬಂದು ಸೇರುತ್ತದೆ. ಹೊಸಬರು ದಿನದ ವೇಳೆಯನ್ನನುಸರಿಸಿ ಆಲಿಸುವುದು ಲೇಸು. ಪ್ರಾತಃಕಾಲದ ಪೂಜೆಯ ಬಳಿಕ ಶಿವಮತ ಭೈರವ. ಬಿಸಿಲೇರುವ ಹೊತ್ತಿಗೆ ಯಮನಿ ಬಿಲಾವಲ. ಸಂಜೆ ದೀಪ ಹಚ್ಚುವ ವೇಳೆಗೆ ಲಲಿತಾಗೌರಿ. ರಾತ್ರಿ ಊಟವಾದ ಮೇಲೆ ನಟ ಬಿಹಾಗ. ಈ ನಾಲ್ಕೂ ಅವರು ತಮ್ಮದಾಗಿಸಿಕೊಂಡಿದ್ದ ರಾಗಗಳು. ಲಲಿತಾಗೌರಿಯಲ್ಲಿ ಲಲಿತ ಎಲ್ಲಿ ಮುಗಿದು ಗೌರಿ ಎಲ್ಲಿ ಮೊದಲಾಯಿತೆಂದು ಹುಡುಕುತ್ತ ಕುಳಿತರೆ ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ. ರಾಗದ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಒಂದೇ ರಾಗವನ್ನು ಒಂದು ವಾರ ಕೇಳಿದರೆ ಕಿವಿ ತಾನಾಗಿಯೇ ಪಳಗುತ್ತದೆ.

ಕೊನೆಯಲ್ಲಿ ಕೇಳಬೇಕಾದುದು ವಚನಗಾಯನ. ಅದನ್ನೇ ಬಲ್ಲ ಭಕ್ತರಿಗೆ ಅದನ್ನು ಕಡೆಗಿರಿಸಲು ಹೇಳುತ್ತಿರುವುದಕ್ಕೆ ಕಾರಣವಿದೆ. ಅಕ್ಕಮಹಾದೇವಿ ತಾನು ಕಂಡ ಕನಸನ್ನು ಅರುಹುವ ವಚನವನ್ನು ಮನ್ಸೂರರು ಹಾಡಿರುವುದನ್ನು ಕೇಳದ ಕನ್ನಡಿಗರು ಕಡಿಮೆ. ಆದರೆ ಖ್ಯಾಲಿನ ಮುದ್ರಿಕೆಗಳನ್ನು ಆಲಿಸಿ ಬಂದ ಕಿವಿಗೆ ಅದೇ ವಚನ ಬೇರೆಯಾಗಿ ಕೇಳುತ್ತದೆ. ಅಷ್ಟೊಂದು ತಾನುಗಳ ಸಾಮರ್ಥ್ಯವುಳ್ಳವರು ಇಲ್ಲಿ ಎಷ್ಟನ್ನು ಬಿಟ್ಟುಕೊಟ್ಟಿದ್ದಾರೆಂಬುದು ಆಗ ಅರಿವಾಗುತ್ತದೆ. ಶಬ್ದ ಮುಂದೆ, ಸ್ವರ ಅದರ ಹಿಂದೆ. ಪಾಂಡಿತ್ಯವು ವಚನದ ಮುಂದೆ ತಲೆಬಾಗಿ ನಿಲ್ಲುತ್ತದೆ. ಅವರ ಭಕ್ತಿ ಯಾವುದೆಂದು ನಮಗೆ ತಿಳಿಯುವುದು ಈ ಸಂಯಮದಿಂದ.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಪಾರ ಶ್ರದ್ಧೆ. ತಮ್ಮ ಮನೆಗೂ ಮೃತ್ಯುಂಜಯವೆಂಬ ಹೆಸರನ್ನೇ ಇಟ್ಟಿದ್ದರು. ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿಯೂ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿಯೂ ಸೇವೆ ಸಲ್ಲಿಸಿದರು. ಪುತ್ರ ರಾಜಶೇಖರ ಮನ್ಸೂರ ಹಾಗೂ ಪುತ್ರಿ ನೀಲಾ ಕೊಡ್ಲಿ ಅವರಿಗೆ ವಿದ್ಯೆಯನ್ನು ಧಾರೆಯೆರೆದರು. ತಮ್ಮ ಬಾಳಿನ ಕಥೆಯನ್ನು ನನ್ನ ರಸಯಾತ್ರೆ ಎಂಬ ಗ್ರಂಥದಲ್ಲಿ ನಿರೂಪಿಸಿದ್ದಾರೆ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ದೇಶವ್ಯಾಪಿ ಮನ್ನಣೆ ಅವರಿಗೆ ತಡವಾಗಿ ದೊರೆಯಿತು. ಆದರೆ ಅದಕ್ಕಾಗಿ ಅವರು ತಮ್ಮ ಗಾಯನವನ್ನು ಸಡಿಲಗೊಳಿಸಲಿಲ್ಲ. ವಯಸ್ಸಾದಂತೆ ಅದು ಇನ್ನಷ್ಟು ಮಾಗಿತು. 1992ರ ಸೆಪ್ಟೆಂಬರ್ 12ರಂದು ಧಾರವಾಡದಲ್ಲಿ ಲಿಂಗೈಕ್ಯರಾದರು. ಸೂಳಿಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರೂ ಅದೇ ವರ್ಷದ ಜನವರಿಯಲ್ಲಿ ಅಗಲಿದ್ದರು. ಒಂದೇ ವರ್ಷದಲ್ಲಿ ನಾಡು ಎರಡು ಕಂಠಗಳನ್ನು ಕಳೆದುಕೊಂಡಿತು.

ಭಕ್ತರಲ್ಲಿ ನಮ್ಮ ವಿನಂತಿಗಳು ಎರಡು. ಹಿರಿಯರ ಕಾಲದ ತಟ್ಟೆಗಳೋ ಕ್ಯಾಸೆಟ್ಟುಗಳೋ ಮನೆಯ ಅಟ್ಟದ ಮೇಲಿದ್ದರೆ ಅವುಗಳನ್ನು ಗುಜರಿಗೆ ಹಾಕದಿರಿ. ತಟ್ಟೆ ಬಾಗುತ್ತದೆ, ಟೇಪು ಬೂಸಲು ಹಿಡಿಯುತ್ತದೆ. ಬಲ್ಲವರಿಂದ ಅವುಗಳ ಪ್ರತಿ ಮಾಡಿಸಿಕೊಳ್ಳಿರಿ. ಮತ್ತು ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಒಂದು ವಚನವನ್ನು ಮೊದಲಿನಿಂದ ಕೊನೆಯವರೆಗೆ ಆಲಿಸಿರಿ. ನಾವೂ ಇನ್ನು ಮುಂದೆ ಅತಿಥಿಗಳು ಬಂದರೆಂದು ವಚನವನ್ನು ಅರ್ಧದಲ್ಲಿ ನಿಲ್ಲಿಸಲಾರೆವು. ಅದು ಮುಗಿಯುವವರೆಗೆ ಅತಿಥಿಗಳೂ ನಮ್ಮೊಡನೆ ಕುಳಿತು ಕೇಳಲಿ.