ಮಜಗಾಂವ್‌ನ ಚೀನೀ ವೀರ ಗುವಾನ್ ಯು

ಸಯನ್ ಪರಿಸರದ ಕನ್ನಡಿಗರಾದ ನಮ್ಮಲ್ಲಿ ಹೆಚ್ಚಿನವರು ಮಜಗಾಂವ್‌ನ ಚೀನೀ ದೇಗುಲವನ್ನು ಕಂಡಿರಲಾರರು. 1919ರಲ್ಲಿ ಸ್ಥಾಪನೆಗೊಂಡ ಆ ಸೀ ಯಪ್ ಮಂದಿರದ ಮೇಲ್ಮಹಡಿಯಲ್ಲಿ ಪೂಜೆಗೊಳ್ಳುವ ಗುವಾನ್ ಯು ಪುರಾಣಪುರುಷನಲ್ಲ, ಇತಿಹಾಸದ ಸೇನಾನಿ.

ಇಂದಿನ ಶಾನ್‌ಶಿ ಪ್ರಾಂತದಲ್ಲಿ ಜನಿಸಿದ ಈತ, ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ ಲಿಯು ಬೇ ಎಂಬ ನಾಯಕನ ಬಂಟನಾದನು. ಕ್ರಿ.ಶ. 200ರಲ್ಲಿ ವೈರಿ ತ್ಸಾವೊ ತ್ಸಾವೊನ ಸೆರೆಗೆ ಸಿಕ್ಕಿದನು. ಆತನೋ ಸೆರೆಯಾಳನ್ನು ಪದವಿ, ಹೊನ್ನುಗಳಿಂದ ಸತ್ಕರಿಸಿದನು. ಗುವಾನ್ ಯು ಆ ಋಣ ತೀರಿಸಲೆಂದು ಯಾನ್ ಲಿಯಾಂಗ್ ಎಂಬ ಶತ್ರುಸೇನಾನಿಯನ್ನು ರಣದಲ್ಲಿ ಕೊಂದನು. ಬಳಿಕ ಉಡುಗೊರೆಗಳನ್ನೆಲ್ಲ ಮೊಹರು ಮಾಡಿಟ್ಟು, ಪತ್ರ ಬರೆದಿಟ್ಟು, ತನ್ನ ಒಡೆಯನಲ್ಲಿಗೆ ಮರಳಿದನು. ಬೆನ್ನಟ್ಟದಂತೆ ತನ್ನವರನ್ನು ತಡೆದ ತ್ಸಾವೊನ ದೊಡ್ಡತನವನ್ನೂ ನಾವು ಮೆಚ್ಚಬೇಕು.

219ರಲ್ಲಿ ಉತ್ತರದ ಕೋಟೆಯೊಂದನ್ನು ಮುತ್ತಿದ್ದಾಗ, ಮಿತ್ರನಾಗಿದ್ದ ಸುನ್ ಚ್ಯುವಾನ್‌ನ ಪಡೆ ಬೆನ್ನ ಹಿಂದಿನ ನೆಲೆಯನ್ನೇ ವಶಪಡಿಸಿಕೊಂಡಿತು. ಮರುವರ್ಷದ ಆರಂಭದಲ್ಲಿ ಮಗನೊಡನೆ ಸೆರೆಯಾಗಿ ಹತನಾದನು.

ಮೋಸಕ್ಕೆ ಬಲಿಯಾದ ಈ ವೀರ ದೈವವಾದುದು, ಕೋಟಿ ಚೆನ್ನಯರ ಗರಡಿಗಳಿಗೆ ಕೈಮುಗಿಯುವ ನಮಗೆ ಹೊಸತೆನಿಸದು. 1614ರಲ್ಲಿ ಮಿಂಗ್ ದೊರೆ ಈತನಿಗೆ ಸಾಮ್ರಾಟ ಪದವಿಯನ್ನೇ ಇತ್ತನು. ಚೀನೀ ರಂಗಭೂಮಿಯಲ್ಲಿ ಈತನದು ಕೆಂಪು ಬಣ್ಣದ ಮುಖ. ಆ ಕೆಂಪು ಸ್ವಾಮಿನಿಷ್ಠೆಯ ಗುರುತು. ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ವರ್ಷಗಳನ್ನು ಸವೆಸಿದ ನಮಗೆ ಸೋಜಿಗವೆನಿಸುವುದು ಇನ್ನೊಂದು: ಕೊಟ್ಟ ಹೊನ್ನನ್ನು ಬಿಟ್ಟುಹೋದ ಇವನನ್ನೇ ಚೀನೀ ವರ್ತಕರು ಧನದೇವತೆಯೆಂದು ಅಂಗಡಿಗಳಲ್ಲಿಟ್ಟು ಪೂಜಿಸುತ್ತಾರೆ.