ಮಾರ್ಟಿನ್ ಲುಥರನೂ ಸಭೆಯ ಸಂಗೀತವೂ

ಮಾರ್ಟಿನ್ ಲುಥರನ ಹೆಸರನ್ನು ಅರಿಯದ ಮನೆಯು ನಮ್ಮ ಸಭೆಗಳಲ್ಲಿ ಅಪರೂಪ. ಅವನು 1517ರಲ್ಲಿ ಪಾಪಪರಿಹಾರ ಪತ್ರಗಳ ಮಾರಾಟಕ್ಕೆ ವಿರೋಧವಾಗಿ 95 ವಾಕ್ಯಗಳನ್ನು ಪ್ರಕಟಿಸಿದ್ದನ್ನೂ, 1521ರಲ್ಲಿ ವೊರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಮುಂದೆ ನಿಂತು ತಾನು ಬರೆದದ್ದನ್ನು ಅಲ್ಲಗಳೆಯಲು ಒಪ್ಪದೆಹೋದದ್ದನ್ನೂ, ಸತ್ಯವೇದವನ್ನು ಜರ್ಮನ್ ಭಾಷೆಗೆ ತಿರುಗಿಸಿದ್ದನ್ನೂ ನಮ್ಮ ಮಕ್ಕಳು ಆದಿತ್ಯವಾರದ ಶಾಲೆಯಲ್ಲಿಯೇ ಕಲಿಯುತ್ತಾರೆ. ಆದರೆ ಈತನು ಒಬ್ಬ ಹಾಡುಗಾರನಾಗಿದ್ದನೆಂಬದೂ, ಬಾಲ್ಯದಲ್ಲಿ ಅವನ ಕಿವಿಗೆ ಬಿದ್ದ ರಾಗಗಳೇ ಮುಂದೆ ಸಭೆಯ ಬಾಯನ್ನು ತೆರೆದವೆಂಬದೂ ಅಷ್ಟಾಗಿ ಹೇಳಲ್ಪಡುವದಿಲ್ಲ. ಆದಕಾರಣ ಈ ತಿಂಗಳು ಅವನ ಚರಿತ್ರೆಯ ಆ ಭಾಗವನ್ನೇ ಓದುಗರ ಮುಂದೆ ಇಡಲು ಮನಸ್ಸು ಮಾಡಿದ್ದೇವೆ.

ಲುಥರನು 1483ನೆಯ ನವಂಬರ 10ರಂದು ಜರ್ಮನಿ ದೇಶದ ಐಸ್ಲೆಬೆನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯಾದ ಹಾನ್ಸನು ಒಕ್ಕಲು ಮನೆತನದವನು. ಮಾನ್ಸ್‌ಫೆಲ್ಡ್ ಎಂಬಲ್ಲಿಗೆ ಬಂದು ತಾಮ್ರದ ಗಣಿಗಳಲ್ಲಿ ದುಡಿದು ಕ್ರಮವಾಗಿ ಮೇಲಕ್ಕೆ ಬಂದವನು. ಮನೆಯಲ್ಲಿ ಶಿಕ್ಷೆ ಕಠಿನವಾಗಿತ್ತು, ಶಾಲೆಯಲ್ಲಿ ಅದಕ್ಕಿಂತಲೂ ಕಠಿನ. ಒಂದೇ ಬೆಳಿಗ್ಗೆ ತನಗೆ ಹದಿನೈದು ಸಾರಿ ಏಟು ಬಿದ್ದದ್ದನ್ನು ಅವನು ಮುಪ್ಪಿನ ವರೆಗೂ ಮರೆಯಲಿಲ್ಲ. ಲತೀನ್ ವ್ಯಾಕರಣವನ್ನು ಬೆತ್ತದಿಂದ ಕಲಿಸುತ್ತಿದ್ದ ಆ ಶಾಲೆಗಳಲ್ಲಿ ಹುಡುಗರಿಗೆ ಹಾಡುವದನ್ನೂ ಕಲಿಸುತ್ತಿದ್ದರು. ಯಾಕಂದರೆ ದೇವಾಲಯದ ಆರಾಧನೆಯಲ್ಲಿ ಹಾಡುವ ಕೆಲಸ ಅವರದಾಗಿತ್ತು. ಶಾಲೆಯ ಏಟುಗಳನ್ನು ಲುಥರನು ಕಹಿಯಾಗಿ ನೆನಸಿಕೊಂಡನು. ಅಲ್ಲಿಯ ಹಾಡುಗಳನ್ನಾದರೋ ಪ್ರೀತಿಯಿಂದ ನೆನಸಿಕೊಂಡನು.

1497ರಲ್ಲಿ ಹದಿಮೂರು ವರುಷದ ಹುಡುಗನನ್ನು ಮಾಗ್ಡೆಬುರ್ಗ್ ಪಟ್ಟಣಕ್ಕೂ, ಮರುವರುಷ ಐಸೆನಾಕ್ ಪಟ್ಟಣಕ್ಕೂ ಓದಲು ಕಳುಹಿಸಿದರು. ಆ ಕಾಲದ ಬಡ ವಿದ್ಯಾರ್ಥಿಗಳು ಮನೆಮನೆಯ ಬಾಗಲಲ್ಲಿ ನಿಂತು ಹಾಡಿ ರೊಟ್ಟಿಯ ತುಂಡುಗಳನ್ನು ಬೇಡುವದು ವಾಡಿಕೆಯಾಗಿತ್ತು. ನಮ್ಮ ಹಳ್ಳಿಗಳಲ್ಲಿ ಜೋಗಿಯೂ ದಾಸಯ್ಯನೂ ಬಾಗಲಲ್ಲಿ ಹಾಡಿ ಹಿಡಿ ಅಕ್ಕಿಯನ್ನು ಪಡೆಯುವದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲುಥರನೂ ಹೀಗೆ ಬೀದಿಯಲ್ಲಿ ಹಾಡಿದನು, ಮುಂದೆ ಹೆಸರುವಾಸಿಯಾದ ಮೇಲೂ ಇದನ್ನು ಮರೆಮಾಡಲಿಲ್ಲ. ತಾನು ಅಂಥ ರೊಟ್ಟಿ ಬೇಡುವ ಹುಡುಗನಾಗಿದ್ದೆನೆಂದು 1530ರಲ್ಲಿ ಅಚ್ಚುಮಾಡಿಸಿದ ಪ್ರಸಂಗದಲ್ಲಿ ತಾನೇ ಬರೆದು, ಬಾಗಲಿಗೆ ಬರುವ ಬಡ ಹುಡುಗರನ್ನು ಯಾರೂ ಹೀನೈಸಬಾರದೆಂದು ತಂದೆತಾಯಿಗಳನ್ನು ಕೇಳಿಕೊಂಡನು.

ಆ ದಿನಗಳ ಒಂದು ಸಂಗತಿಯನ್ನು ಅವನು ಬಹು ಇಷ್ಟದಿಂದ ಹೇಳುತ್ತಿದ್ದನು. ಹಬ್ಬದ ಸಮಯದಲ್ಲಿ ಹುಡುಗರು ಹಾಡುತ್ತಾ ಹೋಗುತ್ತಿರಲು, ಒಬ್ಬ ಮನೆಯಜಮಾನನು ದೊಡ್ಡ ಗಂಟಲಿನಿಂದ ಕೂಗುತ್ತಾ ಹೊರಗೆ ಬಂದನು. ಹೊಡೆಯಲು ಬಂದನೆಂದು ತಿಳಿದು ಹುಡುಗರು ಬಿದ್ದೆದ್ದು ಓಡಿದರು. ಅವನ ಕೈಯಲ್ಲಿ ಇದ್ದದ್ದು ಕೋಲಲ್ಲ, ಅವರಿಗೆ ಕೊಡಬೇಕೆಂದು ತಂದ ಮಾಂಸದ ತಿಂಡಿ. ಅವನು ಕರೆಕರೆದು ಕೊಡಬೇಕಾಯಿತು. ಕೃಪೆಯನ್ನು ಕೈಯಲ್ಲಿ ಹಿಡಿದುಕೊಂಡು ಬರುವ ದೇವರಿಂದಲೂ ಮನುಷ್ಯರು ಹೀಗೆಯೇ ಹೆದರಿ ಓಡುತ್ತಾರೆಂದು ಲುಥರನು ಈ ಕಥೆಯನ್ನು ಉಪದೇಶದಲ್ಲಿ ಉಪಯೋಗಿಸಿದನು. ಐಸೆನಾಕಿನ ಒಬ್ಬ ಭಕ್ತಿಯುಳ್ಳ ಗೃಹಿಣಿಯು ಅವನ ಹಾಡನ್ನೂ ಪ್ರಾರ್ಥನೆಯನ್ನೂ ಮೆಚ್ಚಿ ಅವನನ್ನು ತನ್ನ ಮೇಜಿಗೆ ಸೇರಿಸಿಕೊಂಡಳೆಂದು ಅವನ ಮೊದಲಿನ ಚರಿತ್ರೆಗಾರನು ಹೇಳುತ್ತಾನೆ.

1501ರಲ್ಲಿ ಅವನು ಎರ್ಫುರ್ಟಿನ ವಿಶ್ವವಿದ್ಯಾಲಯಕ್ಕೆ ಸೇರಿದನು. ಅಲ್ಲಿದ್ದಾಗ ಒಮ್ಮೆ ದಾರಿಯಲ್ಲಿ ತನ್ನ ಸೊಂಟದ ಕತ್ತಿಯೇ ತೊಡೆಗೆ ತಗಲಿ ಬಹಳ ರಕ್ತ ಹೋಗಿ, ಹಾಸಿಗೆ ಹಿಡಿಯಬೇಕಾಯಿತು. ಆ ಬೇಸರದ ದಿವಸಗಳಲ್ಲಿ ಲ್ಯೂಟ್ ಎಂಬ ತಂತಿವಾದ್ಯವನ್ನು ಗುರುವಿಲ್ಲದೆ ತಾನೇ ಕಲಿತುಕೊಂಡನು. 1505ರಲ್ಲಿ ಸಿಡಿಲಿಗೆ ಹೆದರಿ ಹರಕೆ ಹೊತ್ತು ಅಗಸ್ಟಿನ್ ಪಂಗಡದ ಮಠವನ್ನು ಸೇರಿದನು. ಮಠದಲ್ಲಿ ಹಗಲಿರುಳು ನೇಮಿಸಿದ ವೇಳೆಗಳಲ್ಲಿ ಕೀರ್ತನೆಗಳನ್ನು ಲತೀನ್ ಭಾಷೆಯಲ್ಲಿ ರಾಗವಾಗಿ ಹಾಡಬೇಕು. ವರುಷಗಟ್ಟಲೆ ಹೀಗೆ ಹಾಡಿದ್ದರಿಂದ ದಾವೀದನ ಪುಸ್ತಕವೆಲ್ಲಾ ಅವನ ನಾಲಿಗೆಯಲ್ಲಿ ನಿಂತಿತು. ಅವನು ಹುಡುಕಿದ ಮನಶ್ಶಾಂತಿಯಾದರೋ ಉಪವಾಸಗಳಿಂದಲೂ ಜಾಗರಣೆಗಳಿಂದಲೂ ದೊರೆಯಲಿಲ್ಲ. ಮುಂದೆ ದೇವರ ನೀತಿಯು ನಂಬಿಕೆಯಿಂದ ಸಿಕ್ಕುವ ವರವೆಂದು ಅವನಿಗೆ ಬೆಳಕಾದಾಗ ಮಠದ ಹರಕೆಗಳು ಬಿದ್ದುಹೋದವು, ಕೀರ್ತನೆಗಳು ಹೋಗಲಿಲ್ಲ.

ಆದರೂ ನಾಲ್ವತ್ತು ವರುಷ ತುಂಬುವ ತನಕ ಅವನು ಸಭೆಗೋಸ್ಕರ ಹಾಡು ಕಟ್ಟಿದವನಲ್ಲ. ಅದಕ್ಕೆ ಕಾರಣವಾದದ್ದು ಒಂದು ದುಃಖದ ವರ್ತಮಾನ. 1523ನೆಯ ಜುಲಾಯಿ 1ರಂದು ಬ್ರಸೆಲ್ಸ್ ಪಟ್ಟಣದಲ್ಲಿ ಅವನ ಪಂಗಡದ ಇಬ್ಬರು ಯೌವನಸ್ಥ ಸನ್ಯಾಸಿಗಳು ಸುವಾರ್ತೆಯ ನಿಮಿತ್ತ ಜೀವಂತವಾಗಿ ಸುಡಲ್ಪಟ್ಟರು. ಹೆಂಡ್ರಿಕ್ ವೊಸ್ ಎಂಬವನೂ ಯಾನ್ ವಾನ್ ಎಸೆನ್ ಎಂಬವನೂ ಆ ರಕ್ತಸಾಕ್ಷಿಗಳು. ಇದನ್ನು ಕೇಳಿ ಲುಥರನು ಪ್ರಸಂಗಕ್ಕಿಂತ ಮೊದಲು ಒಂದು ಹಾಡನ್ನು ಕಟ್ಟಿದನು. ಅದು ದೇವಾಲಯದ ಸ್ತೋತ್ರದಂತೆ ಇರಲಿಲ್ಲ. ಸಂತೆಗಳಲ್ಲಿ ಹೊಸ ಸುದ್ದಿಗಳನ್ನು ಹಾಡಿ ತಿಳಿಸುವವರ ಲಾವಣಿಯಂತೆ ನಡೆದ ಕಥೆಯನ್ನು ಹೇಳುತ್ತಿತ್ತು. ಬೀದಿಯಲ್ಲಿ ಹಾಡಿದ ಹುಡುಗನಿಗೆ ಬೀದಿಯ ಧಾಟಿ ಗೊತ್ತಿತ್ತು. ಪಂಡಿತನು ಇಷ್ಟು ವರುಷ ಅದನ್ನು ಒಳಗೆ ಇಟ್ಟುಕೊಂಡಿದ್ದನು, ಅಷ್ಟೇ ಎಂದು ನಾವು ಎಣಿಸುತ್ತೇವೆ.

ಒಮ್ಮೆ ಬಾಯಿ ತೆರೆದ ಮೇಲೆ ಹಾಡುಗಳು ನದಿಯಂತೆ ಬಂದವು. ಅದೇ ವರುಷದ ಕೊನೆಗೆ ಅವನು ಅರಮನೆಯ ಒಬ್ಬ ಗೆಳೆಯನಿಗೆ ಪತ್ರ ಬರೆದು, ಕೀರ್ತನೆಗಳನ್ನು ಜನರ ಭಾಷೆಯಲ್ಲಿ ಪದ್ಯವಾಗಿ ಮಾಡಿಕೊಡಬೇಕೆಂದೂ, ಅರಮನೆಯ ಹೊಸ ಶಬ್ದಗಳನ್ನು ಬಿಟ್ಟು ಸಾಮಾನ್ಯರು ಆಡುವ ಸರಳ ಮಾತುಗಳನ್ನೇ ಹಾಕಬೇಕೆಂದೂ ಬೇಡಿಕೊಂಡನು. ತಾನು ಮಾತ್ರ ಇತರರಿಗಾಗಿ ಕಾದು ಕೂತುಕೊಳ್ಳಲಿಲ್ಲ. ಆಳದಿಂದ ಮೊರೆಯಿಡುವ 130ನೆಯ ಕೀರ್ತನೆಯನ್ನು ಹಾಡಾಗಿ ಮಾಡಿದನು. 1524ರಲ್ಲಿ ಎಂಟೇ ಹಾಡುಗಳ ಒಂದು ಸಣ್ಣ ಪುಸ್ತಕ ಹೊರಟಿತು, ಅದರಲ್ಲಿ ನಾಲ್ಕು ಅವನವು. ಅದೇ ವರುಷ ಯೋಹಾನ್ ವಾಲ್ಟರ್ ಎಂಬ ಸಂಗೀತಗಾರನು ನಾಲ್ಕೈದು ಕಂಠಗಳು ಕೂಡಿ ಹಾಡುವದಕ್ಕಾಗಿ ಸಿದ್ಧಮಾಡಿದ ದೊಡ್ಡ ಪುಸ್ತಕದಲ್ಲಿ ಅವನ ಹಾಡುಗಳು 24.

ಅದಕ್ಕೆ ಮುಂಚೆ ಆರಾಧನೆಯಲ್ಲಿ ಹಾಡುವದು ಹೆಚ್ಚಾಗಿ ಯಾಜಕರ ಮತ್ತು ಗಾಯಕರ ಕೆಲಸ, ಅದೂ ಲತೀನಿನಲ್ಲಿ. ಜನರು ಹಬ್ಬಗಳಲ್ಲಿ ಕೆಲವು ಜರ್ಮನ್ ಹಾಡುಗಳನ್ನು ಹಾಡುತ್ತಿದ್ದದ್ದುಂಟು, ಬೊಹೇಮಿಯ ದೇಶದ ಸಹೋದರರು ಲುಥರನಿಗಿಂತ ಮುಂಚೆಯೇ ತಮ್ಮ ಭಾಷೆಯ ಸಂಗೀತ ಪುಸ್ತಕವನ್ನು ಅಚ್ಚುಮಾಡಿಸಿಕೊಂಡಿದ್ದದ್ದೂ ಉಂಟು. ಆದರೂ ಒಕ್ಕಲಿಗನೂ ನೇಕಾರನೂ ದಾಸಿಯೂ ಆದಿತ್ಯವಾರ ತಮ್ಮ ಬಾಯಿಂದಲೇ ದೇವರಿಗೆ ಉತ್ತರಕೊಡುವದು ಆ ದೇಶದಲ್ಲಿ ಈಗಲೇ ರೂಢಿಗೆ ಬಂತು.

ಹಾಡಿಗೆ ಎಷ್ಟು ಬಲವಿತ್ತೆಂಬದು ಮಾಗ್ಡೆಬುರ್ಗಿನಲ್ಲಿ ಕಂಡುಬಂತು. 1524ರ ಮೇ ತಿಂಗಳಲ್ಲಿ ಒಬ್ಬ ಮುದಿ ನೇಕಾರನು ಅಲ್ಲಿಯ ಪೇಟೆಯಲ್ಲಿ ಹಳೇ ಚಕ್ರವರ್ತಿಯ ಪ್ರತಿಮೆಯ ಬಳಿಯಲ್ಲಿ ನಿಂತು, ಲುಥರನ ಹಾಡುಗಳ ಹಾಳೆಗಳನ್ನು ಮಾರುತ್ತಾ ಅವುಗಳನ್ನು ಹಾಡಿ ಕಲಿಸುತ್ತಿದ್ದನು. ಪಟ್ಟಣದ ಅಧಿಕಾರಿಯು ಅವನನ್ನು ಸೆರೆಗೆ ಹಾಕಿಸಿದನು. ಆಗ ಪಟ್ಟಣದವರು ಗುಂಪುಗೂಡಿ ಹೋಗಿ ಮುದುಕನನ್ನು ಬಿಡಿಸಿಕೊಂಡು ಬಂದರು. ಇಪ್ಪತ್ತೇಳು ವರುಷಗಳ ಹಿಂದೆ ಲುಥರನು ಓದುವ ಹುಡುಗನಾಗಿ ಬಂದಿಳಿದದ್ದು ಇದೇ ಪಟ್ಟಣದಲ್ಲಿ.

ಈ ಹಾಡುಗಳ ರಾಗಗಳು ಎಲ್ಲಿಂದ ಬಂದವು? ಹೆಂಡದಂಗಡಿಯ ರಾಗಗಳನ್ನು ಅವನು ದೇವಾಲಯಕ್ಕೆ ತಂದನೆಂದು ಕೆಲವರು ಹೇಳುತ್ತಾರೆ, ಇದಕ್ಕೆ ಆಧಾರವಿಲ್ಲ. ಅವನು ಹೆಚ್ಚಾಗಿ ತನ್ನ ಜ್ಞಾಪಕದ ಭಂಡಾರದಿಂದಲೇ ತೆಗೆದನು. ಪೂರ್ವಿಕ ಸಭಾಪಿತೃಗಳ ಲತೀನ್ ಸ್ತೋತ್ರಗಳನ್ನೂ, ಪುನರುತ್ಥಾನದ ಹಬ್ಬದಲ್ಲಿ ಜನರು ತಲೆತಲಾಂತರದಿಂದ ಹಾಡುತ್ತಿದ್ದ ಹಾಡನ್ನೂ ತಿದ್ದಿ ನವೀಕರಿಸಿದನು. ಕೆಲವು ರಾಗಗಳನ್ನು ತಾನೇ ಕಟ್ಟಿದನು. ಲೋಕದ ಹಾಡೊಂದನ್ನು ತೆಗೆದುಕೊಂಡದ್ದು ಕ್ರಿಸ್ತಜಯಂತಿಗಾಗಿ ಮಾಡಿದ ಒಂದು ಗೀತದಲ್ಲಿ. 1535ರಲ್ಲಿ ಅದು ಯುವಕರು ಒಗಟು ಹೇಳಿ ಹಾಡುವ ಆಟದ ಹಾಡಿನ ರಾಗದೊಂದಿಗೆ ಹೊರಟಿತು. 1539ರಲ್ಲಿ ಬೇರೊಂದು ರಾಗದೊಂದಿಗೆ ಅಚ್ಚಾಯಿತು. ಆ ಎರಡನೆಯ ರಾಗವೇ ಈಗ ಲೋಕಪ್ರಸಿದ್ಧ.

ಇಲ್ಲಿ ನಮ್ಮ ಸಭೆಗಳಿಗೆ ಸಂಬಂಧಪಟ್ಟ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. 1525ರಲ್ಲಿ ಜರ್ಮನ್ ಭಾಷೆಯ ಆರಾಧನಾಕ್ರಮವನ್ನು ಸಿದ್ಧಪಡಿಸುವಾಗ ಲುಥರನು ಆತುರಪಡಲಿಲ್ಲ. ಲತೀನಿನ ರಾಗಕ್ಕೆ ಜರ್ಮನ್ ಮಾತುಗಳನ್ನು ತುರುಕಿದರೆ ಸಾಲದು. ಮಾತೂ ಸ್ವರವೂ ಒತ್ತೂ ನಡೆಯೂ ಎಲ್ಲಾ ತಾಯಿನುಡಿಯಿಂದಲೇ ಹುಟ್ಟಬೇಕು, ಇಲ್ಲವಾದರೆ ಅದು ಮಂಗನ ಅನುಕರಣೆಯಾದೀತು ಎಂಬದು ಅವನ ಅಭಿಪ್ರಾಯವಾಗಿತ್ತು. ವಾಲ್ಟರನನ್ನು ವಿಟ್ಟೆನ್‌ಬೆರ್ಗಿಗೆ ಕರೆಯಿಸಿಕೊಂಡು, ಸುವಾರ್ತೆಯ ವಾಕ್ಯಗಳಿಗೆ ಸ್ವರಗಳನ್ನು ತಾನೇ ಹೊಂದಿಸಿ ತೋರಿಸಿದನು. 1834ರಲ್ಲಿ ಬಾಸೆಲ್ ಮಿಶನಿನ ದೈವಭಕ್ತರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳೂ ಕನ್ನಡ ನಾಡಿಗೆ ಬಂದವು. ನಮ್ಮ ಅಜ್ಜಂದಿರು ಆ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸಿ ಹಾಡಿದರು. ಅವು ಈಗ ನಮ್ಮವೇ ಆಗಿವೆ. ಸಾವಿನ ಮನೆಯಲ್ಲಿಯೂ ಮದುವೆಯ ಮನೆಯಲ್ಲಿಯೂ ಅವುಗಳನ್ನು ಕೇಳಿ ಬೆಳೆದ ನಾವು ಅವುಗಳನ್ನು ಬಿಡಲೊಲ್ಲೆವು. ಆದರೂ ದೀರ್ಘಾಕ್ಷರವನ್ನು ಮೊಟಕುಮಾಡಿ ಹ್ರಸ್ವಾಕ್ಷರವನ್ನು ಎಳೆದು ಹಾಡುವಾಗ ಲುಥರನು ಕೇಳಿದ್ದರೆ ಏನೆನ್ನುತ್ತಿದ್ದನೋ! ಭಜನೆಯ ಧಾಟಿಯಲ್ಲಿ ಕರ್ತನನ್ನು ಸ್ತುತಿಸಲು ಇನ್ನೂ ಸಂಕೋಚಪಡುವ ಸಹೋದರರು ಇದನ್ನು ಆಲೋಚಿಸಲಿ.

ಮತಸುಧಾರಕರೆಲ್ಲರೂ ಸಂಗೀತದ ವಿಷಯದಲ್ಲಿ ಒಂದೇ ಮನಸ್ಸಿನವರಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿಯು ಲುಥರನಿಗಿಂತಲೂ ನುರಿತ ವಾದ್ಯಗಾರನು. ಆದರೂ ಜೂರಿಕ್ ಪಟ್ಟಣದ ಆರಾಧನೆಯಲ್ಲಿ ಹಾಡು ನಿಂತುಹೋಯಿತು, 1527ರಲ್ಲಿ ದೊಡ್ಡ ದೇವಾಲಯದ ಆರ್ಗನ್ ಕಿತ್ತುಹಾಕಲ್ಪಟ್ಟಿತು. ಅಲ್ಲಿಯ ಸಭೆಯು ತಿರಿಗಿ ಹಾಡಿದ್ದು 1598ರಲ್ಲಿ.

ಲುಥರನಿಗೆ ಸಂಗೀತವು ಅಲಂಕಾರವಲ್ಲ, ಔಷಧವಾಗಿತ್ತು. ಅವನ ಮನಸ್ಸು ಆಗಾಗ್ಗೆ ಕಡುಕತ್ತಲೆಗೆ ಬೀಳುತ್ತಿತ್ತು. 1527ರಲ್ಲಿ ಅವನೇ ಸಾವಿನ ಅಂಚಿಗೆ ಹೋಗಿ ಬಂದನು. ಊರಲ್ಲಿ ಮಹಾಮಾರಿ ಹರಡಿತು. ಅವನ ಮನೆಯು ಆಸ್ಪತ್ರೆಯಾಯಿತು. ಆ ಡಿಸೆಂಬರಿನಲ್ಲಿ ಹುಟ್ಟಿದ ಹೆಣ್ಣು ಕೂಸು ಮರುವರುಷ ತೀರಿಕೊಂಡಿತು. 46ನೆಯ ಕೀರ್ತನೆಯ ಆಧಾರದ ಮೇಲೆ ಅವನು ಕಟ್ಟಿದ ಸುಪ್ರಸಿದ್ಧ ಹಾಡು ಹೊರಟದ್ದು ಆ ವರುಷಗಳಲ್ಲಿ. ಅದನ್ನು ದಂಡಿನ ಹಾಡಿನಂತೆ ಗರ್ಜಿಸುವವರು ಇದನ್ನು ನೆನಪಿನಲ್ಲಿಟ್ಟರೆ ಒಳ್ಳೇದು.

1530ರಲ್ಲಿ ಔಗ್ಸ್‌ಬುರ್ಗಿನಲ್ಲಿ ಚಕ್ರವರ್ತಿಯ ಸಭೆ ಕೂಡಿದಾಗ, ಬಹಿಷ್ಕಾರ ಹೊಂದಿದ್ದ ಲುಥರನು ಅಲ್ಲಿಗೆ ಹೋಗಕೂಡದೆ ಕೋಬುರ್ಗ್ ಕೋಟೆಯಲ್ಲಿ ತಿಂಗಳುಗಟ್ಟಲೆ ಉಳಿದನು. ಅಲ್ಲಿ ತಂದೆ ಸತ್ತ ಸುದ್ದಿ ಬಂತು. ಅವನು ಕೀರ್ತನೆಗಳ ಪುಸ್ತಕವನ್ನು ಹಿಡಿದು ಕೋಣೆಯೊಳಗೆ ಹೋಗಿ, ಮರುದಿನ ತಲೆ ಎತ್ತಲಾರದಷ್ಟು ಅತ್ತನು. ಅಕ್ಟೋಬರ್ 4ರಂದು ಅವನು ಲುಡ್ವಿಗ್ ಜೆನ್‌ಫ್ಲ್ ಎಂಬ ಸಂಗೀತಗಾರನಿಗೆ ಪತ್ರ ಬರೆದನು. ಈ ಜೆನ್‌ಫ್ಲನು ಬವೇರಿಯದ ಪ್ರಭುವಿನ ಆಸ್ಥಾನದವನು. ಆ ಪ್ರಭುವು ಲುಥರನ ಬದ್ಧವೈರಿ. ಆದರೂ ಲುಥರನು ಅವನನ್ನು ಕೇಳಿಕೊಂಡದ್ದೇನಂದರೆ: ಸಮಾಧಾನವಾಗಿ ಮಲಗಿ ನಿದ್ರಿಸುವ ವಿಷಯವುಳ್ಳ 4ನೆಯ ಕೀರ್ತನೆಯ ವಾಕ್ಯದ ರಾಗವು ತನಗೆ ಎಳೆಯತನದಿಂದಲೂ ಪ್ರಿಯವಾದದ್ದು, ಅದನ್ನು ಅನೇಕ ಕಂಠಗಳಿಗೆ ಹೊಂದಿಸಿ ಕಳುಹಿಸಬೇಕು. ಲೋಕದಲ್ಲಿ ತನಗೆ ಸಾಕಾಯಿತೆಂದೂ ಅದರಲ್ಲಿ ಸೂಚಿಸಿದನು. ಜೆನ್‌ಫ್ಲನು ಮೊದಲು ಬೇರೊಂದನ್ನು ಕಳುಹಿಸಿದನೆಂದು ಆ ಕಾಲದ ಒಬ್ಬ ವೈದ್ಯನು ಬರೆದಿಟ್ಟಿದ್ದಾನೆ. ಅದು 118ನೆಯ ಕೀರ್ತನೆಯ ವಾಕ್ಯ, ಸಾಯದೆ ಉಳಿದು ದೇವರ ಕೃತ್ಯಗಳನ್ನು ಸಾರುವವನ ಮಾತು. ಪೋಪನ ಪಕ್ಷದ ಆಸ್ಥಾನದಿಂದ ಇದಕ್ಕಿಂತ ಒಳ್ಳೇ ಆದರಣೆ ಆ ವರುಷ ಯಾರಿಗೂ ಬಂದಿರಲಾರದು.

ಅವನನ್ನು ದೋಷವಿಲ್ಲದವನೆಂದು ನಾವು ತೋರಿಸಲಾರೆವು. 1525ರಲ್ಲಿ ದಂಗೆಯೆದ್ದ ರೈತರ ಮೇಲೆ ಅವನು ಬರೆದದ್ದು ದಯೆಯಿಲ್ಲದ್ದು. 1543ರಲ್ಲಿ ಯೆಹೂದ್ಯರ ವಿಷಯವಾಗಿ ಬರೆದದ್ದು ಅದಕ್ಕಿಂತಲೂ ಕ್ರೂರವಾದದ್ದು, ಅದರಿಂದ ಮುಂದಿನ ಶತಮಾನಗಳಲ್ಲಿ ದೊಡ್ಡ ಕೇಡಾಯಿತು. ಕೀರ್ತನೆಗಳು ಯೆಹೂದ್ಯರ ಹಾಡುಗಳೆಂಬದನ್ನು ಅವುಗಳನ್ನು ಹಾಡುತ್ತಲೇ ಬದುಕಿದವನು ಹೇಗೆ ಮರೆತನೋ ನಮಗೆ ತಿಳಿಯದು.

ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಸ್ವರ ಬರೆದ ಪುಸ್ತಕಗಳನ್ನು ತರಿಸಿ, ಮಕ್ಕಳನ್ನೂ ಅತಿಥಿಗಳನ್ನೂ ಕೂಡಿಸಿಕೊಂಡು ಹಾಡುವದು ಅವನ ಪದ್ಧತಿ. 1542ರ ಆಗಸ್ಟಿನಲ್ಲಿ ಹಿರಿಯ ಮಗ ಹಾನ್ಸನನ್ನು ಟೋರ್ಗೌ ಪಟ್ಟಣದ ಶಾಲೆಗೆ ಕಳುಹಿಸಿ, ವ್ಯಾಕರಣದ ಸಂಗಡ ವಾಲ್ಟರನಿಂದ ಸಂಗೀತವನ್ನೂ ಕಲಿಯುವಂತೆ ಏರ್ಪಡಿಸಿದನು. ಕೆಲವೇ ದಿನಗಳಲ್ಲಿ ಹದಿಮೂರು ವರುಷದ ಮಗಳು ಮಗ್ದಲೇನಳು ಕಾಯಿಲೆ ಬಿದ್ದು ಅಣ್ಣನನ್ನು ನೋಡಬೇಕೆಂದು ಹಂಬಲಿಸಲು, ಬಂಡಿ ಕಳುಹಿಸಿ ಹುಡುಗನನ್ನು ಕರೆಯಿಸಿದನು. ಸೆಪ್ಟೆಂಬರ್ 20ರಂದು ಅವಳು ತಂದೆಯ ತೋಳುಗಳಲ್ಲಿ ಪ್ರಾಣಬಿಟ್ಟಳು. ಸಮಾಧಿಯ ಆರಾಧನೆಗಾಗಿ ಲುಥರನು ಒಂದು ಹಾಡುಗಳ ಪುಸ್ತಕವನ್ನು ಮುನ್ನುಡಿಯೊಡನೆ ಹೊರಡಿಸಿದ್ದೂ ಅದೇ ವರುಷ. ಹಳೇ ಸಭೆಯ ಶವಸಂಸ್ಕಾರದ ರಾಗಗಳು ಸೊಗಸಾದವುಗಳೆಂದು ಒಪ್ಪಿಕೊಂಡು, ಅವುಗಳಿಗೆ ನಿರೀಕ್ಷೆಯ ವಾಕ್ಯಗಳನ್ನು ಜೋಡಿಸಿದನು.

1546ರ ಚಳಿಗಾಲದಲ್ಲಿ ಮಾನ್ಸ್‌ಫೆಲ್ಡಿನ ಪ್ರಭುಗಳ ಜಗಳವನ್ನು ತೀರಿಸಲು ಹೋದವನು, ಫೆಬ್ರವರಿ 18ರಂದು ತಾನು ಹುಟ್ಟಿದ ಐಸ್ಲೆಬೆನಿನಲ್ಲಿಯೇ ನಿದ್ರೆಹೋದನು. ಶವವನ್ನು ವಿಟ್ಟೆನ್‌ಬೆರ್ಗಿಗೆ ಒಯ್ಯುವ ದಾರಿಯಲ್ಲಿ ಹಾಲೆ ಪಟ್ಟಣ. 1517ರಲ್ಲಿ ಯಾರ ಪಾಪಪರಿಹಾರ ಪತ್ರಗಳಿಂದ ಜಗಳ ಎದ್ದಿತೋ ಆ ಮಹಾಧ್ಯಕ್ಷನು ಬಹುಕಾಲ ವಾಸವಾಗಿದ್ದ ಊರು ಅದು. ಸಾಯಂಕಾಲ ಬಂಡಿಯು ಬರುವಾಗ ಬೀದಿಗಳಲ್ಲಿ ಜನರು ಕಿಕ್ಕಿರಿದಿದ್ದರು. ಶವವನ್ನು ಪೇಟೆಯ ದೇವಾಲಯದೊಳಗೆ ಇಳಿಸಿದರು. ಜನರು ಅವನೇ ಜರ್ಮನ್ ಭಾಷೆಗೆ ತಂದುಕೊಟ್ಟ 130ನೆಯ ಕೀರ್ತನೆಯನ್ನು ಎತ್ತಿದರು. ಆದರೆ ಅಳುವು ಮೇಲಾಗಿ, ಹಾಡು ಸ್ವರ ನಿಲ್ಲದೆ ನಡುಗುತ್ತಾ ಸಾಗಿತು.