ಮೇಷ್ಟ್ರ ಉತ್ತರಕ್ಕೆ ಕಾಯದ ಹುಡುಗ: ಸಿ.ವಿ. ರಾಮನ್ ಮತ್ತು ನಮ್ಮ ಫೈನಲ್ ಇಯರ್ ಪ್ರಾಜೆಕ್ಟು

ಹೋದ ತಿಂಗಳು ಸುಂಟಿಕೊಪ್ಪಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಕೊನೇ ವರ್ಷ ಓದ್ತಿದ್ದಾನೆ. ಕಣದಲ್ಲಿ ಹರವಿದ ಕಾಫಿ ಎಷ್ಟು ಒಣಗಿದೆ ಅಂತ ಅಳೆದು ಫೋನಿಗೆ ಸುದ್ದಿ ಕಳಿಸುವ ಪುಟ್ಟ ಸಾಧನವೊಂದನ್ನು ಅವನೂ ಮೂವರು ಗೆಳೆಯರೂ ಸೇರಿ ಮಾಡಿದ್ದಾರೆ. ಅಕಾಲಿಕ ಮಳೆಗೆ ಕಾಫಿ ನೆನೆದು ಹಾಳಾಗೋದನ್ನು ನೋಡುತ್ತಲೇ ಬೆಳೆದ ಹುಡುಗರು. ಪ್ರಶ್ನೆ ಅವರ ಅಂಗಳದ್ದೇ. ನನಗೆ ಖುಷಿಯಾಯ್ತು. ಆಮೇಲೆ ಅವನು ಫೋನ್ ತೋರಿಸಿದ. ಯಾವುದೋ ಅಂತರರಾಷ್ಟ್ರೀಯ ಜರ್ನಲ್ ಅಂತೆ. ದುಡ್ಡು ಕಟ್ಟಿದರೆ 48 ಗಂಟೆಯೊಳಗೆ ಪ್ರಬಂಧ ಪ್ರಕಟ, ಹೆಸರಿದ್ದವರಿಗೆಲ್ಲ ಒಂದೊಂದು ಸರ್ಟಿಫಿಕೇಟ್. ಕಟ್ಟಿಬಿಡ್ಲಾ ಅಣ್ಣ ಅಂತ ಕೇಳಿದ.

ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ. ಯಾಕಂದ್ರೆ ನನ್ನ ಕಾಲದಲ್ಲಿ ನಾನೂ ಅದನ್ನೇ ಮಾಡಿದ್ದೆ. ಪ್ರಾಜೆಕ್ಟ್ ರಿಪೋರ್ಟನ್ನು ಕತ್ತರಿಸಿ ಆರು ಪುಟಕ್ಕಿಳಿಸಿ, ನಮ್ಮ ಕೆಲಸವನ್ನು ಕಣ್ಣಲ್ಲೂ ನೋಡದ ಇಬ್ಬರ ಹೆಸರು ಸೇರಿಸಿ, ದುಡ್ಡು ಕಟ್ಟಿ ಅಚ್ಚು ಹಾಕಿಸಿದ್ದೆವು. ಆ ಜರ್ನಲ್ಲಿನ ಪುಟ ಈಗ ತೆರೆಯೋದೂ ಇಲ್ಲ. ಹಾಗಾಗಿ ಅವತ್ತು ರಾತ್ರಿ ಅವನಿಗೆ ಉಪದೇಶ ಮಾಡಲಿಲ್ಲ, ಇನ್ನೊಬ್ಬ ವಿದ್ಯಾರ್ಥಿಯ ಕತೆ ಹೇಳಿದೆ. ಫೆಬ್ರವರಿ 28ರ ವಿಜ್ಞಾನ ದಿನದ ಭಾಷಣಗಳಲ್ಲಿ ಆ ಕತೆಯ ಅರ್ಧ ಮಾತ್ರ ಬರುತ್ತೆ.

ಪ್ರಿಸಂ ಹಿಡಿದ ಹುಡುಗ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿ ಎಂ.ಎ. ಸೇರಿದಾಗ ಮೀಸೆ ಚಿಗುರದ ವಯಸ್ಸು. ಕಾಲೇಜಿನ ಸ್ಪೆಕ್ಟ್ರೋಮೀಟರಿನಲ್ಲಿ ಪ್ರಿಸಂ ಒಂದರ ಕೋನ ಅಳೆಯುವುದು ಎಲ್ಲರೂ ಮಾಡುವ ಮಾಮೂಲಿ ಪ್ರಾಕ್ಟಿಕಲ್. ಅದನ್ನು ಮಾಡುವಾಗ ಬೆಳಕಿನ ಪಟ್ಟಿಗಳು ಎರಡೂ ಬದಿಗೆ ಒಂದೇ ಅಳತೆಯಲ್ಲಿಲ್ಲ ಅನ್ನೋದು ರಾಮನ್ ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಉಪಕರಣದ ದೋಷ ಅಂತ ಬಿಟ್ಟುಬಿಡ್ತಿದ್ದರು. ಇವರು ಅದನ್ನೇ ಹಿಡಿದು ಕೂತರು. ಬೆಳಕು ಓರೆಯಾಗಿ ಬಿದ್ದಾಗ ಪಟ್ಟಿಗಳು ಯಾಕೆ ಹಾಗಾಗುತ್ತವೆ ಅಂತ ಲೆಕ್ಕ ಹಾಕಿದರು, ಅಳೆದರು, ಬರೆದರು.

ಬರೆದದ್ದನ್ನು ಪ್ರೊಫೆಸರ್ ಜೋನ್ಸ್ ಅವರ ಕೈಗೆ ಕೊಟ್ಟರು. ತಿಂಗಳುಗಟ್ಟಲೆ ಏನೂ ಉತ್ತರವಿಲ್ಲ. ಕೊನೆಗೆ ರಾಮನ್ ಅದನ್ನು ನೇರವಾಗಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನಿಗೆ ಕಳಿಸಿಬಿಟ್ಟರು. 1906ರ ನವೆಂಬರಿನಲ್ಲಿ ಅದು ಅಚ್ಚಾಯಿತು. ಲೇಖಕರ ಜಾಗದಲ್ಲಿ ಒಂದೇ ಹೆಸರು, ವಯಸ್ಸು ಆಗಷ್ಟೇ 18. ಮುಂದೆ ದ್ರವಗಳ ಮೇಲ್ಮೈ ಸೆಳೆತದ ಬಗ್ಗೆ ಇನ್ನೊಂದು ಪ್ರಬಂಧವೂ ಅಲ್ಲೇ ಬಂತು. ಲಾರ್ಡ್ ರೇಲೀ ಪತ್ರ ಬರೆದಾಗ ಈ ವಿದ್ಯಾರ್ಥಿಯನ್ನು ಪ್ರೊಫೆಸರ್ ಅಂತಲೇ ಸಂಬೋಧಿಸಿದ್ದರಂತೆ.

ಇಲ್ಲಿ ಮೇಧಾವಿತನದ ಜೊತೆ ಇನ್ನೂ ಒಂದು ಸಂಗತಿ ಇದೆ. ಆಗ ಮದ್ರಾಸಿನಲ್ಲಿ ಸಂಶೋಧನೆ ಅನ್ನೋ ವಾತಾವರಣವೇ ಇರಲಿಲ್ಲ. ಇದ್ದದ್ದು ಒಂದು ಪ್ರಶ್ನೆ, ಅದನ್ನು ಅಳೆಯಬಲ್ಲ ಒಂದು ಉಪಕರಣ, ಮತ್ತು ಹೊಸದು ಯಾವುದು ಅಂತ ಗುರುತಿಸುವಷ್ಟು ಓದು. ವಿದ್ಯಾರ್ಥಿಯ ಕೆಲಸ ಜರ್ನಲ್ಲಿಗೆ ಹೋಗಲು ಇವತ್ತಿಗೂ ಬೇಕಾದದ್ದು ಇಷ್ಟೇ.

ಆಫೀಸು ಮುಗಿದ ಮೇಲೆ

ಎಂ.ಎ. ಆದ ಮೇಲೆ ರಾಮನ್ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾಗಿ 1907ರಲ್ಲಿ ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ಬೌಬಜಾರ್ ರಸ್ತೆಯಲ್ಲಿ ವಿಜ್ಞಾನ ಬೆಳೆಸುವ ಸಂಘವೊಂದರ ಬೋರ್ಡು ಕಂಡು ಒಳಗೆ ಹೋದವರು ಮುಂದಿನ 10 ವರ್ಷ ಬೆಳಿಗ್ಗೆ, ಸಂಜೆ ಅಲ್ಲೇ ಪ್ರಯೋಗ ಮಾಡಿದರು. ನಡುವೆ ಆಫೀಸು. 1917ರಲ್ಲಿ ಆಶುತೋಷ್ ಮುಖರ್ಜಿ ಕರೆದರು ಅಂತ ಕಡಿಮೆ ಸಂಬಳಕ್ಕೆ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರೊಫೆಸರ್ ಆದರು.

ಆ ಲ್ಯಾಬಿನಲ್ಲಿ ಆಶುತೋಷ್ ಡೇ ಅಂತ ಒಬ್ಬ ಸಹಾಯಕರಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. 1919ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಕಂಪನದ ಆವೃತ್ತಿ ಅಳೆಯುವ ಹೊಸ ವಿಧಾನದ ಪ್ರಬಂಧ ಬಂದಾಗ ಲೇಖಕರಾಗಿ ಇದ್ದದ್ದು ಡೇ ಹೆಸರೊಂದೇ. ರಾಮನ್ ಬರೆದದ್ದು ಮುನ್ನುಡಿಯ ಟಿಪ್ಪಣಿ ಮಾತ್ರ. ಪ್ರಾಜೆಕ್ಟಿನ ಒಂದು ತಂತಿಯನ್ನೂ ಮುಟ್ಟದವರ ಹೆಸರನ್ನು ಮೊದಲ ಸಾಲಿಗೆ ಹಾಕುವ ನಮ್ಮ ಪದ್ಧತಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಕೆಲವೇ ವಾರಗಳ ಅಂತರ

1926ರಲ್ಲಿ ರಾಮನ್ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಶುರು ಮಾಡಿದರು. ಲಂಡನ್ನಿಗೆ ಹಡಗಿನಲ್ಲಿ ಕಳಿಸಿ ತಿಂಗಳುಗಟ್ಟಲೆ ಕಾಯುವ ಬದಲು ನಮ್ಮದೇ ಪತ್ರಿಕೆ ಇರಲಿ ಅನ್ನೋದು ಲೆಕ್ಕ. ಎರಡೇ ವರ್ಷದಲ್ಲಿ ಅದು ಫಲ ಕೊಟ್ಟಿತು.

1928ರ ಫೆಬ್ರವರಿ 28ರಂದು, ದ್ರವದ ಮೂಲಕ ಚದುರಿದ ಬೆಳಕಿನಲ್ಲಿ ಮೂಲದಲ್ಲಿಲ್ಲದ ಬಣ್ಣದ ಗೆರೆಗಳಿರುವುದು ಖಚಿತವಾಯಿತು. ಮಾರ್ಚ್ 16ರಂದು ರಾಮನ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನಿಂತು ಇದನ್ನು ಪೂರ್ತಿ ವಿವರಿಸಿದರು. ಆ ಭಾಷಣ ಮಾರ್ಚ್ 31ರ ಹೊತ್ತಿಗೆ ತಮ್ಮದೇ ಜರ್ನಲ್ಲಿನಲ್ಲಿ ಅಚ್ಚಾಗಿ, ಪ್ರತಿಗಳು ಜಗತ್ತಿನ ಭೌತವಿಜ್ಞಾನಿಗಳ ಮನೆಗೆ ಹೊರಟವು. ಅತ್ತ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಇದೇ ಪರಿಣಾಮವನ್ನು ಹರಳಿನಲ್ಲಿ ಅದೇ ಫೆಬ್ರವರಿಯಲ್ಲಿ ಕಂಡಿದ್ದರು. ಅವರ ಪ್ರಬಂಧ ಹೊರಬಂದದ್ದು ಜುಲೈನಲ್ಲಿ. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು.

ಒಬ್ಬರಿಗೇ ಅನ್ನೋ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಪ್ರಯೋಗದ ಜೊತೆಗಾರ ಕೆ.ಎಸ್. ಕೃಷ್ಣನ್. ನೇಚರ್ ಪತ್ರಿಕೆಗೆ ಹೋದ ಮೊದಲ ಟಿಪ್ಪಣಿಯಲ್ಲಿ ಇಬ್ಬರ ಹೆಸರೂ ಇತ್ತು. ಬೆಂಗಳೂರಿನ ಭಾಷಣ ಅಚ್ಚಾದದ್ದು ರಾಮನ್ ಒಬ್ಬರ ಹೆಸರಿನಲ್ಲಿ. ಕೃಷ್ಣನ್ ಅವರಿಗೆ ಸಲ್ಲಬೇಕಾದದ್ದು ಸಂದಿತೇ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ. ಲೇಖಕರ ಪಟ್ಟಿ ಬರೀ ಔಪಚಾರಿಕತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೆಂಗಳೂರು, ಮತ್ತು ಭಾಗಮಂಡಲದ ಕಪ್ಪೆ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದಕ್ಕೆ ಒಂದು ವರ್ಷ ಮೊದಲೇ, 1932ರ ಜುಲೈನಲ್ಲಿ, ಅವರ ಒತ್ತಾಸೆಯಿಂದ ಇಲ್ಲಿ ಕರೆಂಟ್ ಸೈನ್ಸ್ ಹುಟ್ಟಿತ್ತು. ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಸಿ.ಆರ್. ನಾರಾಯಣ ರಾವ್. ಕೊಡಗಿನವರಿಗೆ ಇವರು ಬೇರೆ ಕಾರಣಕ್ಕೆ ಗೊತ್ತಿರಬೇಕು. ಭಾಗಮಂಡಲದ ಜೌಗಿನಲ್ಲಿ ಸಿಕ್ಕ ಕಪ್ಪೆಯೊಂದನ್ನು 1920ರಲ್ಲಿ ವಿವರಿಸಿ, ಪವಿತ್ರ ಜೌಗು ಅನ್ನೋ ಅರ್ಥದ ಲ್ಯಾಟಿನ್ ಹೆಸರಿಟ್ಟವರು ಅವರು. ಸೆಂಟ್ರಲ್ ಕಾಲೇಜಿನಲ್ಲಿ ಅವರು ಕಾಪಿಟ್ಟ ಮೂಲ ಮಾದರಿಗಳು ಕಾಲಾನಂತರ ಕಳೆದೇ ಹೋದವು. ಉಳಿದದ್ದು ಪ್ರಬಂಧ. ಅದನ್ನು ಹಿಡಿದೇ ಮುಂದಿನವರು ಕಪ್ಪೆಗಳನ್ನು ಮತ್ತೆ ಹುಡುಕಲು ಹೊರಟರು. 2010ರಲ್ಲಿ ಪಶ್ಚಿಮಘಟ್ಟದ ಮರಗಪ್ಪೆಗಳ ಒಂದು ಕುಲಕ್ಕೆ ರಾವ್ ಅವರ ಹೆಸರನ್ನೇ ಇಟ್ಟರು. ಸರಿಯಾಗಿ ಬರೆದ ಪ್ರಬಂಧದ ಆಯಸ್ಸು ಅಷ್ಟು.

1934ರಲ್ಲಿ ರಾಮನ್ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿ, ಅದರ ಪ್ರೊಸೀಡಿಂಗ್ಸ್ ಶುರು ಮಾಡಿದರು. ಶಿಷ್ಯ ನಾಗೇಂದ್ರನಾಥ್ ಜೊತೆ ಬೆಳಕು ಮತ್ತು ಶಬ್ದದ ಅಲೆಗಳ ಬಗ್ಗೆ ಬರೆದ, ಇಬ್ಬರ ಹೆಸರಿನಿಂದಲೇ ಕರೆಯಲ್ಪಡುವ ಸಿದ್ಧಾಂತ ಬಂದದ್ದು ಅದರಲ್ಲೇ. 1937ರಲ್ಲಿ ಜಗಳಗಳ ನಡುವೆ ನಿರ್ದೇಶಕ ಸ್ಥಾನ ಬಿಟ್ಟರು. 1948ರವರೆಗೆ ಅಲ್ಲೇ ಪ್ರೊಫೆಸರಾಗಿದ್ದು, ಆಮೇಲೆ ತಮ್ಮದೇ ಸಂಶೋಧನಾ ಸಂಸ್ಥೆ ನಡೆಸಿದರು.

ಪೂಜೆ ಬೇಡ, ಲೆಕ್ಕ ನೋಡೋಣ

ರಾಮನ್ ಅವರನ್ನು ದೇವರು ಮಾಡುವ ಇರಾದೆ ನನಗಿಲ್ಲ. 1933ರಲ್ಲಿ ಕಮಲಾ ಭಾಗವತ್ ಅರ್ಜಿ ಹಾಕಿದಾಗ ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದರು. ಆಕೆ ಪಟ್ಟು ಬಿಡದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯೇ ಮುಂದೆ 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್‌ಡಿ ಪಡೆದ ಕಮಲಾ ಸೊಹೋನಿ. 1940ರಲ್ಲಿ ಅನ್ನಾ ಮಣಿ ಬಂದರು. ವಜ್ರ ಮತ್ತು ಮಾಣಿಕ್ಯದ ಬೆಳಕಿನ ಮೇಲೆ ಕೆಲಸ ಮಾಡಿ 1942ರಿಂದ 1945ರೊಳಗೆ ತಮ್ಮೊಬ್ಬರ ಹೆಸರಿನಲ್ಲೇ ಐದು ಪ್ರಬಂಧ ಪ್ರಕಟಿಸಿದರು. ಅಲ್ಲಿ ರಾಮನ್ ತಮ್ಮ ಹೆಸರು ತುರುಕಲಿಲ್ಲ, ನಿಜ. ಆದರೆ ಅದೇ ಲ್ಯಾಬಿನಲ್ಲಿ ಹುಡುಗ ಹುಡುಗಿಯರು ಮಾತಾಡುವುದಕ್ಕೂ ಕಟ್ಟುಪಾಡಿತ್ತು. ಎಂ.ಎಸ್ಸಿ. ಇಲ್ಲ ಅನ್ನೋ ನೆಪದಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಅನ್ನಾ ಮಣಿಯವರಿಗೆ ಪಿಎಚ್‌ಡಿ ಕೊಡಲೇ ಇಲ್ಲ. ಪದವಿ ಕೊಡದವರನ್ನು ಯಾರೂ ನೆನೆಯೋದಿಲ್ಲ, ಐದು ಪ್ರಬಂಧಗಳು ಅವರ ಹೆಸರಿನಲ್ಲೇ ಇವೆ.

ಇನ್ನೊಂದು ದೋಷವೂ ಇದೆ. ಅಕಾಡೆಮಿಗೆ ಸಾಯುವವರೆಗೂ ರಾಮನ್ ಅವರೇ ಅಧ್ಯಕ್ಷರು. ಹರಳುಗಳ ಕಂಪನದ ವಿಚಾರದಲ್ಲಿ ಮ್ಯಾಕ್ಸ್ ಬಾರ್ನ್ ಜೊತೆ ವಾದಕ್ಕಿಳಿದು, ಬಹುತೇಕರು ಒಪ್ಪದ ತಮ್ಮ ನಿಲುವನ್ನು ತಮ್ಮದೇ ಪತ್ರಿಕೆಯಲ್ಲಿ ಮತ್ತೆ ಮತ್ತೆ ಪ್ರಕಟಿಸಿದರು. ನಮ್ಮದೇ ಪತ್ರಿಕೆ ಇರಬೇಕು, ಸರಿ. ಆದರೆ ಅದರೊಳಗೆ ನಮಗೆ ಇಲ್ಲ ಅನ್ನುವವರೂ ಇರಬೇಕು.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಸಾಯುವ ಎರಡು ದಿನ ಮುಂಚೆಯೂ ಅವರಿಗಿದ್ದ ಚಿಂತೆ ಅಕಾಡೆಮಿಯ ಜರ್ನಲ್‌ಗಳು ಸಾಯದಿರಲಿ ಅನ್ನೋದು, ದೇಶದ ವಿಜ್ಞಾನದ ಗುಣಮಟ್ಟ ಗೊತ್ತಾಗೋದು ಅವುಗಳಿಂದಲೇ ಅನ್ನೋದು ಅಂತ ಅವರ ಜೀವನ ಬರೆದವರು ಹೇಳುತ್ತಾರೆ.

ಈಗ ನಮ್ಮ ಸರದಿ

ಆ ಅಳತೆಗೋಲಿನಲ್ಲಿ ನಾವು ಎಲ್ಲಿದ್ದೇವೆ? 2018ರ ಮೇನಲ್ಲಿ ಯುಜಿಸಿ ತನ್ನದೇ ಮಾನ್ಯ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. 2022ರಲ್ಲಿ ಪಿಎಚ್‌ಡಿಗೆ ಮೊದಲು ಪ್ರಬಂಧ ಪ್ರಕಟಿಸಲೇಬೇಕು ಅನ್ನೋ ನಿಯಮ ಹೋಯಿತು. 2025ರಲ್ಲಿ ಪಟ್ಟಿಯನ್ನೇ ಕೈಬಿಟ್ಟು, ಒಳ್ಳೆಯದು ಯಾವುದು ಅಂತ ಸಂಸ್ಥೆಗಳೇ ನೋಡಿಕೊಳ್ಳಲಿ ಅಂದಿತು. ಇನ್ನೊಂದು ಕಡೆ, ವಿದೇಶಿ ಪ್ರಕಾಶಕರ ಜರ್ನಲ್ ಓದಲು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆ, ಅದೂ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನಲ್ಲಿ ಸಾಲ ಮಾಡಿ ಓದುವ ಮಕ್ಕಳಿಗೆ ಉಳಿದದ್ದು ಆ 48 ಗಂಟೆಯ ಮೆಸೇಜು. ತಪ್ಪು ಹುಡುಗರದ್ದು ಮಾತ್ರ ಅಲ್ಲ. ಸಂಖ್ಯೆ ಎಣಿಸುವ ವ್ಯವಸ್ಥೆ ಇದ್ದ ಕಡೆ ಸಂಖ್ಯೆ ಮಾರುವ ಅಂಗಡಿಯೂ ಇರುತ್ತೆ.

ಶುಲ್ಕ ಕೇಳೋದೆಲ್ಲ ಮೋಸವಲ್ಲ, ಅದೂ ನಿಜ. ಆದರೆ ಓದಿ ನೋಡದೆ ಒಪ್ಪಿಕೊಳ್ಳೋದು ಮೋಸವೇ. ಅಕಾಡೆಮಿಯ ಜರ್ನಲ್‌ಗಳನ್ನು ಇವತ್ತು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದೇ ಅಕಾಡೆಮಿ 1996ರಿಂದ ವಿದ್ಯಾರ್ಥಿಗಳಿಗಾಗಿಯೇ ರೆಸೊನೆನ್ಸ್ ತರುತ್ತಿದೆ. ಪ್ರಾಜೆಕ್ಟಿಗೆ ಹಣ ಬೇಕಾದರೆ ನಮ್ಮ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನೆ ಇದೆ.

ತಮ್ಮ ದುಡ್ಡು ಕಟ್ಟಲಿಲ್ಲ. ಮರುದಿನ ಇಬ್ಬರೂ ಕೂತು ರಿಪೋರ್ಟು ತೆಗೆದೆವು. 60 ಪುಟದಲ್ಲಿ 40 ಪುಟ ಸೆನ್ಸರ್ ಅಂದರೇನು, ಮೈಕ್ರೋಕಂಟ್ರೋಲರ್ ಅಂದರೇನು ಅನ್ನೋದೇ. ಅದು ಪಠ್ಯಪುಸ್ತಕದಲ್ಲಿದೆ, ಹೊಡೆದುಹಾಕು ಅಂದೆ. ಹೊಸದು ಏನು ಅಂತ ಒಂದೇ ವಾಕ್ಯದಲ್ಲಿ ಬರಿ ಅಂದೆ. ಅರ್ಧ ಗಂಟೆ ಹಿಡಿಯಿತು. ಸೆನ್ಸರ್ ಹೇಳುವ ತೇವಾಂಶಕ್ಕೂ ಮಾಪಕ ಹೇಳುವ ತೇವಾಂಶಕ್ಕೂ ತಾಳೆ ನೋಡಿದ್ದೀರಾ ಅಂದರೆ, ಮೂರೇ ಸಲ ನೋಡಿದ್ದಾರೆ. ಮೋಡ ಕವಿದ ದಿನ ಎಷ್ಟು ತಪ್ಪುತ್ತೆ ಅನ್ನೋದು ಗೊತ್ತಿಲ್ಲ. ತಪ್ಪಿದ ದಿನಗಳನ್ನು ರಿಪೋರ್ಟಿನಲ್ಲಿ ಬರೆದೇ ಇಲ್ಲ. ಅದನ್ನೇ ಮೊದಲು ಬರಿ ಅಂದೆ, ಪ್ರಬಂಧ ಇರೋದೇ ಅಲ್ಲಿ.

ಮುಂದಿನ ಕೊಯ್ಲಿನವರೆಗೆ ಕಾಯಬೇಕಾಗುತ್ತೆ ಅಂತ ಅವನಿಗೆ ಬೇಜಾರು. ಪಕ್ಕದ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆಯಲ್ಲ, ಅಲ್ಲಿಗೆ ಸಾಧನ ತಗೊಂಡು ಹೋಗಿ ತೋರಿಸು ಅಂದೆ. ಅವರು ಉತ್ತರ ಕೊಡದಿದ್ರೆ ಅಂತ ಕೇಳಿದ. ಕೊಡದಿದ್ರೆ ನೀನೇ ಅಳೆದು, ನೀನೇ ಬರೆದು, ನಿನ್ನ ಹೆಸರಲ್ಲೇ ಕಳಿಸು ಅಂದೆ.